ತಿದ್ದುಪಡಿಯ ಭಾನುವಾರಗಳು

ಅನುದಾನ ನಿಂತ ಮೇಲೆ ಸಂಸ್ಥೆಯವರು ಸರ್ವರ್ ಖಾಲಿ ಮಾಡಲು ಹೇಳಿದರು. ನಾವು ಸಂಪಾದಿಸಿದ ಕೀರ್ತನೆಗಳ ಡಿಜಿಟಲ್ ಆವೃತ್ತಿಯನ್ನು ತಾತ್ಕಾಲಿಕವೆಂದು, ವರ್ಷದ ಬಾಡಿಗೆ ಕಟ್ಟಿ, ನನ್ನ ಹೆಸರಿನ ಖಾತೆಗೆ ಸಾಗಿಸಿದೆ. ಮೂರು ಹಸ್ತಪ್ರತಿಗಳ ಪಾಠಗಳನ್ನು ಪಕ್ಕಪಕ್ಕದಲ್ಲಿಟ್ಟು ಓದುವ ವ್ಯವಸ್ಥೆ ಅದರಲ್ಲಿತ್ತು. ಕಟ್ಟಿದವಳು ನಾನು. ಕೆಟ್ಟರೆ ಸರಿಪಡಿಸಲು ಬರುತ್ತಿದ್ದುದೂ ನನಗೊಬ್ಬಳಿಗೇ.

ಆಗಲೇ ನಗರದ ಹಡಪಸರ ಬಡಾವಣೆಯ ಕಚೇರಿಯೊಂದರಲ್ಲಿ ಬೇರೆ ಕೆಲಸಕ್ಕೆ ಸೇರಿದ್ದೆ. ಆದರೂ ಭಾನುವಾರ ಬೆಳಿಗ್ಗೆ ಸಂಪಾದಕರ ಮನೆಗೆ ಹೋಗಬೇಕಿತ್ತು. ಅವರು ನನ್ನ ಗುರುಗಳು, ಧಾರವಾಡದ ಕಡೆಯವರು, ನಿವೃತ್ತರು. ವಾರವಿಡೀ ಕಂಡ ತಪ್ಪುಗಳನ್ನು ಅವರು ಹೇಳುತ್ತಿದ್ದರು, ನಾನು ತಿದ್ದುತ್ತಿದ್ದೆ. ಡಿಜಿಟಲ್ ಆವೃತ್ತಿಯನ್ನು ಯಾವಾಗ ಬೇಕಾದರೂ ತಿದ್ದಬಹುದು ಎಂದು ಅನುದಾನದ ಅರ್ಜಿಯಲ್ಲಿ ಹೆಮ್ಮೆಯಿಂದ ಬರೆದಿದ್ದೆವು.

ಈ ಭಾನುವಾರಗಳಿಂದ ಬಿಡುಗಡೆಗೆ ನನಗೆ ಹೊಳೆದದ್ದು ಒಂದೇ ದಾರಿ. ಎಲ್ಲವನ್ನೂ ಸಾದಾ ಪುಟಗಳಾಗಿ ಇಳಿಸಿದೆ. ಹುಡುಕುವ ಸೌಲಭ್ಯ ಹೋಯಿತು, ಪಾಠಾಂತರಗಳು ಅಡಿಟಿಪ್ಪಣಿಗಳಾದವು. ಆದರೆ ಪೆನ್ ಡ್ರೈವಿನಲ್ಲಿಟ್ಟರೂ ತೆರೆಯುತ್ತಿತ್ತು. ಅದಕ್ಕೆ ಖರ್ಚೂ ಇಲ್ಲ, ಕಾವಲೂ ಬೇಡ. ಗುರುಗಳ ಒಪ್ಪಿಗೆ ಪಡೆದು, ಅಂತಿಮ ಎಂದು ನಮೂದಿಸಿ, ಎರಡು ಗ್ರಂಥಾಲಯಗಳಿಗೆ ಕಳಿಸಿದೆ. ನನ್ನ ಖಾತೆ ಮುಚ್ಚುವುದೊಂದು ಉಳಿದಿತ್ತು. ಅದು ಮುಚ್ಚಿದರೆ ತಿದ್ದುವ ಜಾಗವೇ ಇರುವುದಿಲ್ಲ.

ಅದನ್ನು ತಿಳಿಸಲೆಂದೇ ಮುಂದಿನ ಭಾನುವಾರ ಹೋದೆ.

"ಬಾರವಾ, ಲಗೂನ ಬಾ," ಎಂದರು ಗುರುಗಳು. "ಒಂದು ನುಡಿ ನಾವು ತಪ್ಪು ಹಾಡಿಗೆ ಹಚ್ಚೇವಿ."

"ಸರ್, ಪ್ರತಿ ಹೋಗ್ಯಾವ್ರೀ. ಮುಗೀತಲ್ರೀ."

ಅವರ ಹೆಂಡತಿ ಒಳಗಿನಿಂದ ಹೇಳಿದರು: "ಮಂದಿ ಪುಸ್ತಕ ಛಾಪಿಸಿ ಕೈ ತೊಳಕೋತಾರ. ಇವರದು ನೋಡು, ಮುಗಿಯೂ ಮಾತಽ ಇಲ್ಲ. ಆ ಹುಡುಗೀಗೆ ಒಂದು ರವಿವಾರನಾದ್ರೂ ಬಿಡ್ರಿ."

"ನೀ ಅವಲಕ್ಕಿ ನೋಡು, ತಳಾ ಹತ್ತೇದ," ಎಂದು ಗುರುಗಳು ನನ್ನತ್ತ ತಿರುಗಿದರು. "ತಪ್ಪು ಅಂತ ಗೊತ್ತಾದಮ್ಯಾಲ ಹೆಂಗ ಬಿಡೂದು? ನೀನಽ ಹೇಳು."

ಅವರ ಕೈಯಲ್ಲಿದ್ದ ಫೋನಿನಲ್ಲಿ ಹಸ್ತಪ್ರತಿಯ ಚಿತ್ರವನ್ನು ಹಿಗ್ಗಿಸಿ ನೋಡಿದೆ. ಅವರು ಹೇಳಿದ್ದು ತಪ್ಪಾಗಿರಲಿ ಎಂದು ಆ ಕ್ಷಣ ನಿಜವಾಗಿಯೂ ಬಯಸಿದೆ. ಪುಟ ತಿರುಗಿದಲ್ಲಿ ಹಾಡು ಮುಗಿದಿರಲಿಲ್ಲ. ಮರುಪುಟದ ಮೊದಲ ನುಡಿ, ಆ ಇಡೀ ಚರಣ, ಅದರದೇ ಆಗಿತ್ತು. ನಾವು ಅದನ್ನು ಮುಂದಿನ ಹಾಡಿಗೆ ಕೊಟ್ಟಿದ್ದೆವು.

ಹೀಗೆ ನೋಡುವುದನ್ನು ಕಲಿಸಿದವರು ಅವರೇ. ಕಂಡ ಮೇಲೆ ಕಾಣಲಿಲ್ಲ ಎನ್ನಲು ನನಗೆ ಬರಲಿಲ್ಲ.

ಲ್ಯಾಪ್‌ಟಾಪ್ ತೆರೆದು ನುಡಿಯನ್ನು ಸರಿಯಾದ ಹಾಡಿಗೆ ಸೇರಿಸಿದೆ. ಪುಟಗಳನ್ನೆಲ್ಲ ಮತ್ತೆ ಸಿದ್ಧಪಡಿಸಿದೆ. ಹಿಂದಿನದನ್ನು ತೆಗೆದು ಇದನ್ನಿಡಿ ಎಂದು ಎರಡೂ ಗ್ರಂಥಾಲಯಗಳಿಗೆ ಬರೆದೆ. ಈ ಸಲ ಅಂತಿಮ ಎಂದು ನಮೂದಿಸಲಿಲ್ಲ. ಆಮೇಲೆ, ಗುರುಗಳು ಕೇಳದಿದ್ದರೂ, ಖಾತೆಯನ್ನು ಇನ್ನೊಂದು ವರ್ಷಕ್ಕೆ ಮುಂದುವರಿಸಿದೆ.