ಉಗುರಿಗೆ ಕಚ್ಚುವ ಗಾಳ

ಬೀದಿಯವರೆಲ್ಲ ಬೀಗದಣ್ಣ ಎಂದು ಕರೆಯುತ್ತಿದ್ದ ಆ ಯಜಮಾನರಿಗೆ ಗೊತ್ತಿದ್ದದ್ದು ಎರಡೇ: ವಾರವಿಡೀ ತಮ್ಮ ಬೀಗದ ಅಂಗಡಿಯಲ್ಲಿ ಕೀಲಿಕೈಗೆ ಅರ ಹಾಕುವುದು, ರಜೆಯ ದಿನ ಕೆರೆಯಲ್ಲಿ ಗೆಂಡೆ ಮೀನು ಹಿಡಿಯುವುದು. ಗಾಳದ ಕೋಲು ಯಾವುದಾದರೂ ನಡೆಯುತ್ತಿತ್ತು. ಗಾಳದ ಮೊನೆಯ ವಿಷಯ ಬಂದರೆ ಮಾತ್ರ ಮೂಗಿನ ತುದಿಯಲ್ಲೇ ಸಿಟ್ಟು. ಗೆಂಡೆ ಮಹಾ ಅನುಮಾನದ ಪ್ರಾಣಿ. ಹಿಟ್ಟಿನ ಉಂಡೆಯನ್ನು ಬಾಯಿಗೆಳೆದು ರುಚಿ ನೋಡಿ, ಕಣ್ಣು ಮಿಟುಕಿಸುವಷ್ಟರಲ್ಲಿ ಉಗಿದುಬಿಡುತ್ತದೆ. ಅಷ್ಟರೊಳಗೆ ಮೊನೆ ತುಟಿಗೆ ಕಚ್ಚಿಕೊಳ್ಳಬೇಕು. ಅದಕ್ಕೇ ಅವರು ಪ್ರತಿ ಗಾಳವನ್ನೂ ಅರದಿಂದ ಉಜ್ಜಿ, ಹೆಬ್ಬೆರಳಿನ ಉಗುರಿನ ಮೇಲೆ ಮೆಲ್ಲಗೆ ಎಳೆದು ನೋಡುತ್ತಿದ್ದರು. ಕಚ್ಚಿ ನಿಂತರೆ ಸರಿ, ಜಾರಿದರೆ ಮೊಂಡು.

ಪಾರ್ಶ್ವವಾಯು ಬಡಿದು ಅವರ ಬಲಗೈ ಜೋತುಬಿತ್ತು. ಅಂಗಡಿ ಮುಚ್ಚಿತು. ಬೀಗದವರ ಅಂಗಡಿಗೇ ಬೀಗ ಎಂದು ನಗುವ ಧೈರ್ಯ ಯಾರಿಗೂ ಬರಲಿಲ್ಲ. ಅವರು ಗೋಡೆಯ ಕಡೆ ತಿರುಗಿ ಮಲಗಿದವರು ಮಾತನ್ನೇ ಬಿಟ್ಟರು. ಜನ್ಮವಿಡೀ ಮೀನಿನ ವಾಸನೆಗೆ ಬೈದಿದ್ದ ಹೆಂಡತಿ ಒಂದು ಬೆಳಿಗ್ಗೆ ಕೋಲು ಹಿಡಿದು ಬಂದು ನಿಂತಳು.

"ಇನ್ಮೇಲೆ ಕೆರೆಗೆ ನಾನು ಹೋಗ್ತೀನಿ. ಗಾಳ ಮಾತ್ರ ನೀವೇ ಮಾಡಿಕೊಡಬೇಕು."

ಕೀಲಿಯನ್ನು ಬಿಗಿಯಾಗಿ ಕಚ್ಚಿ ಹಿಡಿಯುತ್ತಿದ್ದ ಅಂಗಡಿಯ ಪುಟ್ಟ ವೈಸು ಅಡುಗೆಮನೆಯ ಮೇಜಿಗೆ ಬಂತು. ಅದರ ಹಲ್ಲಿಗೆ ಗಾಳ ಸಿಕ್ಕಿಸಿ ಅವರು ಎಡಗೈಯಲ್ಲಿ ಅರ ಹಿಡಿದರು. ಆದರೆ ಎಡಗೈಗೆ ಕಸುಬು ಎಲ್ಲಿಂದ ಬರಬೇಕು? ಮೊನೆ ಒಂದು ಪಕ್ಕಕ್ಕೆ ಹೊರಳುತ್ತಿತ್ತು. ಮೀನು ಬಂದು, ರುಚಿ ನೋಡಿ, ಹೋಗುತ್ತಿತ್ತು. ಅದನ್ನು ಹೇಳಲು ಆಕೆಗೆ ಬಾಯಿ ಬರಲಿಲ್ಲ. ಗುಟ್ಟಾಗಿ ಪೇಟೆಯಿಂದ ಒಂದು ಪೊಟ್ಟಣ ಗಾಳ ತಂದಳು. ಮೀನು ಬಿತ್ತು. "ನಿಮ್ಮ ಗಾಳಕ್ಕೇ ಬಿತ್ತು ನೋಡ್ರಿ," ಎಂದಾಗ ಗಂಡನ ಮುಖ ಅರಳಿದ್ದನ್ನು ಕಂಡು, ಸುಳ್ಳನ್ನೇ ಮುಂದುವರಿಸಿದಳು.

ಒಂದು ಸಂಜೆ ಮೀನಿನ ತುಟಿಯಲ್ಲಿ ಗಾಳ ಹಾಗೇ ಉಳಿದಿತ್ತು. ಅವರು ಬಗ್ಗಿ ನೋಡಿದರು.

"ಇದಕ್ಕೆ ಅರ ತಾಗೇ ಇಲ್ಲ."

ಆಕೆ ಮೀನನ್ನು ಪಕ್ಕಕ್ಕೆ ಸರಿಸಿದಳು. "ನಿಮಗೆ ನೋವಾಗಬಾರದು ಅಂತ..."

"ಕೀಲಿ ತಿರುಗದೆ ಇದ್ರೆ ಗಿರಾಕಿಗಳು ನನ್ನ ಮುಖಕ್ಕೇ ಹೇಳ್ತಿದ್ರು. ನೀನು ಯಾಕೆ ಹೇಳಲಿಲ್ಲ? ನಾನು ಅಷ್ಟೊಂದು ಲೆಕ್ಕಕ್ಕಿಲ್ಲದವನಾಗಿಬಿಟ್ಟೆನಾ?"

ಮರುದಿನದಿಂದ ಆಕೆ ಕರುಣೆಯನ್ನು ಪಕ್ಕಕ್ಕಿಟ್ಟಳು. ಅವರು ನಿರ್ಜೀವ ಬಲಗೈಯನ್ನು ಎತ್ತಿ ಮೇಜಿನ ಮೇಲಿಟ್ಟು, ಅದರ ಹೆಬ್ಬೆರಳ ಉಗುರಿನ ಮೇಲೆ ಎಡಗೈಯಿಂದ ಗಾಳ ಎಳೆದು ಪರೀಕ್ಷಿಸುವರು. ಆಮೇಲೆ ಆಕೆ ತನ್ನ ಉಗುರಿನ ಮೇಲೆ ಎಳೆದು, "ಮೊಂಡು," ಎಂದು ತಳ್ಳಿಬಿಡುವಳು. ಅವರು ಹಲ್ಲು ಕಡಿದು ಮತ್ತೆ ಉಜ್ಜುವರು. ಮನೆ ಕುರುಕ್ಷೇತ್ರವಾಯಿತು.

"ನಿನ್ನಂಥ ಗಿರಾಕಿ ಸಿಕ್ಕಿದ್ರೆ ಯಾವತ್ತೋ ಅಂಗಡಿ ಮುಚ್ತಿದ್ದೆ."

"ಮುಚ್ಚಬೇಕಿತ್ತು. ಬೀಗಕ್ಕೇನು ಬರವಿತ್ತಾ?"

ಕಾಯಿಲೆ ಬಿದ್ದ ಮೇಲೆ ಅವರು ನಕ್ಕಿದ್ದು ಅಂದೇ ಮೊದಲು. ಪಟ್ಟು ಬಿಡದ ಗಂಡನನ್ನು ನೋಡಿ ಆಕೆಗೆ ಒಳಗೊಳಗೇ ಹೆಮ್ಮೆ. ಹೊಗಳಿದರೆ ಕೈ ಸಡಿಲಾದೀತೆಂದು ಹೊಗಳಲಿಲ್ಲ ಅಷ್ಟೇ.

ತಿಂಗಳುಗಳು ಕಳೆದವು. ಒಂದು ಗಾಳ ಆಕೆಯ ಉಗುರಿಗೆ ಕಚ್ಚಿ ನಿಂತಿತು. ಆಕೆ ಅದನ್ನೇ ದಾರಕ್ಕೆ ಕಟ್ಟಿಕೊಂಡು ಕೆರೆಗೆ ಹೋದಳು. ಸಂಜೆ ಸೆರಗೆಲ್ಲ ಕೆಸರಾಗಿ, ಬರಿಗೈಯಲ್ಲಿ ಬಂದಳು.

"ಭಾರಿ ಗೆಂಡೆ ರೀ. ದಡದ ತನಕ ಎಳೆದೆ. ಕೊನೇಲಿ ದಾರ ಕಿತ್ತುಕೊಂಡು ಹೋಯ್ತು."

"ಗಾಳ ಜಾರಿತಾ?"

"ಇಲ್ಲ. ದಾರ ಸೋತಿತು. ಗಾಳ ಬಿಡಲಿಲ್ಲ."

ತೋರಿಸಲು ಮೀನಿಲ್ಲ, ಗಾಳವೂ ಇಲ್ಲ. ಅವರು ಹೆಂಡತಿಯ ಮುಖವನ್ನೇ ದಿಟ್ಟಿಸಿದರು. ಇಷ್ಟು ದಿನ ಒಂದೇ ಸಮನೆ ಮೊಂಡು, ಮೊಂಡು ಎಂದ ಬಾಯಿ ಅದು. ಅವರು ನಂಬಿದರು. ಎಡಗೈ ಚಾಚಿ ಇನ್ನೊಂದು ಗಾಳವನ್ನು ವೈಸಿಗೆ ಸಿಕ್ಕಿಸಿದರು.