ಆದಿಲಕ್ಷ್ಮಿ ಹಾಕುವ ಒಂಟಿ ಗಂಟು

ಬೆಳಗಿನ ಆರು ಗಂಟೆ. ಶಿವಾಜಿನಗರದ ಪಿಂಚಣಿ ಕಚೇರಿಯ ಕಡತದ ಕೋಣೆಯಲ್ಲಿ ಅಟೆಂಡರ್ ಆದಿಲಕ್ಷ್ಮಿ ಏಣಿಯ ತುದಿಯಲ್ಲಿದ್ದಾರೆ. ಕೆಳಗೆ ನಿಂತ ನನಗೆ ಧೂಳಿನ ಅಭಿಷೇಕ. “ಆಮೇಲೆ ಒರೆಸ್ಕೊಳ್ಳಿ ಸಾರ್, ಮೊದ್ಲು ಇದನ್ನ ಹಿಡೀರಿ!” ಪತ್ರಿಕೆಗೆ ಇವರ ಸಂದರ್ಶನ ಮಾಡಲೆಂದು ಬಂದವನು ಕೂಲಿಗೆ ಸೇರಿದ್ದೇನೆ.

ಬದುಕಿರುವ ನಲವತ್ತೊಂದು ಜನ ಕಂಪ್ಯೂಟರಿನಲ್ಲಿ ಸತ್ತುಹೋಗಿದ್ದಾರೆ. ಹನ್ನೊಂದಕ್ಕೆ ಪಟ್ಟಿ ಖಜಾನೆಗೆ ಹೋಗುತ್ತದೆ. ಅಷ್ಟರೊಳಗೆ ಅವರ ಕಡತ ಸಿಗದಿದ್ದರೆ ಈ ತಿಂಗಳ ಪಿಂಚಣಿ ಇಲ್ಲ.

ಮರ್ಫಿ ಟೌನಿನ ಆದಿಲಕ್ಷ್ಮಿ ಗಂಡ ತೀರಿಕೊಂಡ ಮೇಲೆ 1984ರಲ್ಲಿ ಈ ಕೆಲಸಕ್ಕೆ ಸೇರಿದವರು. ಓದಿದ್ದು ಮೂರನೇ ಕ್ಲಾಸು. ದಿನಕ್ಕೆ ಇನ್ನೂರು ಕಡತ ಇಳಿಸಿ ಏರಿಸಬೇಕು. ಅದಕ್ಕೆ ಕಡತ ಕಟ್ಟುವ ದಾರದ ಗಂಟಿನಲ್ಲೇ ತಮ್ಮದೊಂದು ಪದ್ಧತಿ ಮಾಡಿಕೊಂಡರು. “ಒಂದು ಗಂಟು ಅಂದ್ರೆ ಇದ್ದಾರೆ. ಎರಡು ಗಂಟು ಅಂದ್ರೆ ಹೋಗ್ಬಿಟ್ರು, ಕಿಟಕಿ ಪಕ್ಕದ ರ‍್ಯಾಕಿಗೆ.” ಹತ್ತೊಂಬತ್ತು ವರ್ಷ ಆ ರ‍್ಯಾಕು ತಪ್ಪಿರಲಿಲ್ಲ.

ಈ ವರ್ಷ ಕಂಪ್ಯೂಟರ್ ಬಂತು. ಹೊಸ ಆಪರೇಟರುಗಳು ಕಡತ ಬಿಚ್ಚಿ, ಭದ್ರವಾಗಿರಲೆಂದು ಕೆಲವಕ್ಕೆ ಎರಡು ಗಂಟು ಬಿಗಿದರು. ಆದಿಲಕ್ಷ್ಮಿ ಅಭ್ಯಾಸಬಲದಿಂದ ಅವನ್ನೆಲ್ಲ ಕಿಟಕಿ ಪಕ್ಕ ಸೇರಿಸಿದರು. ಆ ರ‍್ಯಾಕು ನೋಡಿಯೇ ಗುಮಾಸ್ತ ಕೆಂಪರಾಜ್ ಮೃತರ ಪಟ್ಟಿ ಮಾಡಿದರು. “ಇಟ್ಟಿರೋದು ಆದಿಲಕ್ಷ್ಮಮ್ಮ ಅಲ್ವಾ ಅಂತ ಒಳಗೆ ನೋಡ್ಲೇ ಇಲ್ಲ” ಎಂದು ತಲೆ ಕೆರೆದುಕೊಳ್ಳುತ್ತಾರೆ.

ನಿನ್ನೆ ಸಂಜೆ ಹಲಸೂರಿನ ಜಟ್ಟೆಮ್ಮ ತಾನು ಬದುಕಿರುವುದಕ್ಕೆ ಪ್ರಮಾಣಪತ್ರ ಕೊಡಲು ಬಂದಾಗಲೇ ಎಡವಟ್ಟು ಹೊರಬಿದ್ದದ್ದು. ನೀವು ಸತ್ತಿದ್ದೀರಿ ಎಂದರೆ ಎಪ್ಪತ್ತೆಂಟರ ಅಜ್ಜಿ, “ಹೌದಾ? ನಂಗ್ಯಾರೂ ಹೇಳ್ಲೇ ಇಲ್ವಲ್ಲ!” ಎಂದರಂತೆ. ಮರಣ ವರದಿಗಳನ್ನು ಎಣಿಸಿ ನೋಡಿದರೆ, ಪಟ್ಟಿಯಲ್ಲಿ ನಲವತ್ತೊಂದು ಹೆಸರು ಹೆಚ್ಚು.

ರ‍್ಯಾಕಿನಲ್ಲಿ ಮೂರು ಸಾವಿರ ಕಡತ. ಎಲ್ಲ ಬಿಚ್ಚುತ್ತ ಕೂರುವಂತಿಲ್ಲ. ಆದಿಲಕ್ಷ್ಮಿ ಕಣ್ಣು ಮುಚ್ಚಿ ಗಂಟುಗಳನ್ನು ಸವರುತ್ತ ಹೋಗುತ್ತಾರೆ. “ಇದು ನಂದು. ಇದೂ ನಂದು. ಇದು ನಂದಲ್ಲ, ತಗೊಳ್ಳಿ!” ತೆಗೆದುಕೊಟ್ಟದ್ದು ಒಂದೂ ಸುಳ್ಳಾಗುವುದಿಲ್ಲ. ನನಗೆ ಶಿಳ್ಳೆ ಹೊಡೆಯುವಷ್ಟು ಖುಷಿ!

ಹತ್ತೂಮುಕ್ಕಾಲಿಗೆ ನಲವತ್ತು ಸಿಕ್ಕಿವೆ. ಸಿಗದಿರುವುದು ಜಟ್ಟೆಮ್ಮನದೇ. ಅಜ್ಜಿ ಹೊರಗೆ ಬೆಂಚಿನಲ್ಲಿ ಕಾಯುತ್ತಿದ್ದಾರೆ. ಆದಿಲಕ್ಷ್ಮಿ ತಟ್ಟನೆ ನಿಲ್ಲುತ್ತಾರೆ. “ಅಯ್ಯೋ, ಅವ್ರು ಕಟ್ಟಿದ್ರಲ್ಲಿ ಒಂದು ಫೈಲಿನ ಗಂಟು ಸಡಿಲ ಆಗಿತ್ತು. ಇಡೋವಾಗ ನಾನೇ ಬಿಗಿಯಾಗಿ ಕಟ್ಬಿಟ್ಟೆ!” ಮೂಲೆಯ ಸಾಲಿನಿಂದ ಕಡತ ಎಳೆಯುತ್ತಾರೆ. ಜಟ್ಟೆಮ್ಮನದೇ! ಕೆಂಪರಾಜ್ ಅದನ್ನು ಕಸಿದುಕೊಂಡು ಅಧಿಕಾರಿಯ ಕೋಣೆಗೆ ಓಡುತ್ತಾರೆ. ಹನ್ನೊಂದಕ್ಕೆ ಎರಡು ನಿಮಿಷ ಇರುವಾಗ ಸಹಿ ಬೀಳುತ್ತದೆ.

ವಾಪಸು ಬಂದ ಕಡತಕ್ಕೆ ಆದಿಲಕ್ಷ್ಮಿ ಅಜ್ಜಿಯ ಎದುರೇ ಒಂದೇ ಗಂಟು ಹಾಕುತ್ತಾರೆ. ಮುಂದಿನ ವರ್ಷ ಅವರಿಗೂ ನಿವೃತ್ತಿ. ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ.

“ನನ್ ಫೈಲೂ ಇದೇ ರೂಮಿಗೆ ಬರತ್ತೆ ಸಾರ್. ಎರಡನೇ ಗಂಟು ಹಾಕೋ ಮುಂಚೆ ಯಾರಾದ್ರೂ ಒಂದ್ಸಲ ಮನೆ ಹತ್ರ ಬಂದು ನೋಡ್ಲಿ. ಇದ್ರೆ, ಟೀ ಮಾಡ್ಕೊಡ್ತೀನಿ.”