ಮಾರನಹಳ್ಳಿ ಬಂಗಲೆಯ ಸುಣ್ಣದ ಗೋಡೆ

ಮಾರನಹಳ್ಳಿ ಹತ್ತಿರದ ಹಳೇ ಬಂಗಲೆಯನ್ನು ನಾನೂ ನನ್ನ ಗಂಡನೂ ಕೊಂಡದ್ದು ಅಲ್ಲಿ ವಾಸ ಮಾಡಲಿಕ್ಕಲ್ಲ. ಹೊರಗೋಡೆ ಚೆಂದ ಮಾಡಿಸಿ ಮಾರಬೇಕೆಂದೇ ಕೊಂಡದ್ದು. ಸಕಲೇಶಪುರದಲ್ಲಿ ನಮ್ಮದು ಪೇಂಟು, ಸಿಮೆಂಟು, ಪೈಪು, ಮೊಳೆಯ ಅಂಗಡಿ. ಮಂಗಳೂರಿನಿಂದ ಘಟ್ಟ ಹತ್ತಿ ಬಂದ ನನ್ನ ಮಾವನವರು ಇಟ್ಟದ್ದು. ಹಾಗಾಗಿ ಗೋಡೆಯ ವಿಷಯ ನಮಗೆ ಗೊತ್ತು ಎಂಬ ಧೈರ್ಯವಿತ್ತು.

ಬಂಗಲೆ ಬ್ರಿಟಿಷರ ಕಾಲದ್ದು, ಎಸ್ಟೇಟಿನ ದೊರೆಯೊಬ್ಬ ಕಟ್ಟಿಸಿದ್ದು. ಮರಮುಟ್ಟು, ಹೆಂಚು ಎಲ್ಲ ಗಟ್ಟಿಯಾಗಿತ್ತು. ಪಡುವಣ ಗೋಡೆಯ ಬಣ್ಣ ಮಾತ್ರ ಗುಳ್ಳೆ ಎದ್ದು ಹಪ್ಪಳದ ಹಾಗೆ ಉದುರುತ್ತಿತ್ತು. ಕೆರೆಸಿ ಎರಡು ಕೋಟ್ ಹೊಡೆಸಿದರೆ ಮುಗಿಯಿತು ಅಂದುಕೊಂಡೆವು. ಮಂಗಳೂರಿನ ದಂಪತಿಯೊಬ್ಬರು ಈಸ್ಟರ್ ಮುಗಿದ ಮೇಲೆ ಬಂದು ನೋಡುತ್ತೇವೆ ಎಂದು ಆಗಲೇ ಫೋನಿನಲ್ಲಿ ಹೇಳಿದ್ದರು.

ಕೆರೆಯಲು ಬಂದ ಪೇಂಟರ್ ಅರ್ಧ ದಿನಕ್ಕೇ ಕೈಬಿಟ್ಟ. "ಇದಕ್ಕೆ ಬಣ್ಣ ಕೂರಲ್ಲ ಮೇಡಂ. ಕೆ. ಹೊಸಕೋಟೆ ಕಡೆ ಒಬ್ರು ಗಾರೆ ಕೆಲ್ಸದ ಹೆಂಗಸವ್ರೆ, ಅವ್ರಿಗೆ ತೋರ್ಸಿ" ಅಂದ. ಹೆಂಗಸು ಗಾರೆ ಮೇಸ್ತ್ರಿಯೇ ಎಂದು ನನಗೆ ಅನುಮಾನ. ಆದರೂ ಹೇಳಿ ಕಳಿಸಿದೆ.

ಎರಡು ಬಸ್ಸು ಬದಲಿಸಿ ಬಂದವರಿಗೆ ಅರವತ್ತು ದಾಟಿತ್ತು. ಹಣೆಯಲ್ಲಿ ವಿಭೂತಿ, ಕೈಯಲ್ಲೊಂದು ಬಟ್ಟೆಯ ಚೀಲ. ಗಂಡ ಗಾರೆ ಮೇಸ್ತ್ರಿಯಾಗಿದ್ದಾಗ ಇವರು ಸುಣ್ಣ ಹೊತ್ತವರು. ಅವರು ತೀರಿಕೊಂಡ ಮೇಲೆ ಕರಣೆ ಇವರ ಕೈಗೆ ಬಂತು. ನಾನು ಅವರನ್ನು ಅಕ್ಕ ಅಂದೆ, ಕೊನೆಯವರೆಗೂ ಹಾಗೇ ಕರೆದೆ.

ಅಕ್ಕ ಬೆರಳ ಗಿಣ್ಣಿನಿಂದ ಗೋಡೆಯನ್ನು ಉದ್ದಕ್ಕೂ ತಟ್ಟುತ್ತಾ ನಡೆದರು. "ಈ ಗ್ವಾಡೆಗೆ ಉಸಿರು ಕಟ್ಟೈತೆ ಕಣಮ್ಮೋರೆ. ಒಳ್ಗೆ ಸುಣ್ಣದ ಗಾರೆ, ಮ್ಯಾಲೆ ಯಾರೋ ಸಿಮೆಂಟ್ ಮೆತ್ತವ್ರೆ. ಒಳಗಿನ ನೀರು ಹೊರಕ್ಕೆ ಬರಂಗಿಲ್ಲ. ಬಣ್ಣ ಎಂಗ್ ನಿಲ್ತದೆ?"

ಮನೆ ಸುತ್ತಲ ಹೊರಗೋಡೆಗಳ ಸಿಮೆಂಟನ್ನೆಲ್ಲ ಕೀಳಬೇಕೆಂದರು. ನನ್ನ ಗಂಡನ ಮುಖ ಸಣ್ಣದಾಯಿತು. ಆದರೂ ಒಪ್ಪಿದೆವು. ಅಂಗಳದಲ್ಲಿ ಗುಂಡಿ ತೆಗೆದು ಸುಣ್ಣ ನೆನೆಹಾಕಿದರು. ಅದು ಹದಕ್ಕೆ ಬರುವಷ್ಟರಲ್ಲಿ ಇಬ್ಬರು ಆಳುಗಳನ್ನು ಇಟ್ಟುಕೊಂಡು ಗೋಡೆ ಬಿಡಿಸಿದರು. ಮುಂಬಾಗಿಲ ಮೇಲಿನ ಸಿಮೆಂಟ್ ಬಿದ್ದಾಗ ಒಳಗಿನಿಂದ ಗಾರೆಯಲ್ಲಿ ಮಾಡಿದ ಒಂದು ಬಳ್ಳಿ ಕಾಣಿಸಿಕೊಂಡಿತು. ಎಡಗಡೆ ಎಲೆ, ಮೊಗ್ಗು ಎಲ್ಲ ಹಾಗೇ ಇತ್ತು. ಬಲಗಡೆಯದನ್ನು ಸಿಮೆಂಟ್ ಹಿಡಿಯಲೆಂದು ಯಾರೋ ಒಡೆದುಬಿಟ್ಟಿದ್ದರು. ಅಕ್ಕ ಸಾರ್ವೆಯ ಹಲಗೆ ಮೇಲೆ ಕೂತು ಉಳಿದ ಎಲೆಗಳ ಧೂಳನ್ನು ಸೆರಗಿನಿಂದ ಒರೆಸಿದರು.

ಈಸ್ಟರ್ ಹತ್ತಿರವಾದಂತೆ ನನಗೆ ಅವಸರ ಹತ್ತಿತು. ಗಾರೆ ಒಣಗುವುದು ತೀರಾ ನಿಧಾನ. ಒಂದು ಮಧ್ಯಾಹ್ನ ಅಕ್ಕ ಊಟಕ್ಕೆ ಕೂತಿದ್ದಾಗ ಅರ್ಧ ಚೀಲ ಸಿಮೆಂಟನ್ನು ಅವರ ಸುಣ್ಣಕ್ಕೆ ಕಲಸಲು ಆಳಿಗೆ ಹೇಳಿದೆ. ಅಂಗಡಿಯಿಂದ ನಾನೇ ತಂದದ್ದು.

ಅಕ್ಕ ಬಂದು ಬಾಂಡ್ಲಿಗೆ ಕೈ ಹಾಕಿದರು. ಹೆಬ್ಬೆರಳಲ್ಲಿ ಉಜ್ಜಿ ನೋಡಿದರು.

"ಯಾರು ಸಿಮೆಂಟ್ ಹಾಕಿದ್ದು?"

"ನಾನೇ ಅಕ್ಕ" ಅಂದೆ.

ಅವರು ಬೈಯಲಿಲ್ಲ. ಕಲಸಿದ್ದಷ್ಟನ್ನೂ ಎತ್ತಿಸಿ ಬೇಲಿಯಾಚೆ ಸುರಿಸಿದರು. ಬಾಂಡ್ಲಿ ತೊಳೆಯುತ್ತಾ, "ಬ್ಯಾಡ ಅಂದ್ರೆ ಈಗ್ಲೇ ಹೊಂಟೋಯ್ತಿನಿ. ಮಾಡು ಅಂದ್ರೆ ನನ್ನಂಗೇ ಮಾಡ್ತಿನಿ. ಹೇಳ್ಬುಡಿ" ಅಂದರು. ದನಿ ಏರಿರಲಿಲ್ಲ. ನನಗೆ ಮೈಯೆಲ್ಲ ನಾಚಿಕೆಯಾಯಿತು. ಮಾಡಿ ಅಕ್ಕ, ಅಂದೆ.

ಮಂಗಳೂರಿನವರು ಬಂದಾಗ ಮುಂಗೋಡೆ ಅರ್ಧ ಬೆತ್ತಲೆ, ಅರ್ಧ ಒದ್ದೆ ಗೋಣಿಯ ಮರೆಯಲ್ಲಿ. "ಇದೇನು, ಕೆಡವುತ್ತಿದ್ದೀರಾ?" ಎಂದು ಕೇಳಿ, ಕಾಫಿ ಕುಡಿದು ಹೋದರು. ಮತ್ತೆ ಫೋನ್ ಮಾಡಲಿಲ್ಲ. ನನ್ನ ಗಂಡ ಎರಡು ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ.

ಆಮೇಲೆ ನಾನು ಅಂಗಡಿಯನ್ನು ಗಂಡನಿಗೇ ಬಿಟ್ಟು ದಿನಾ ಬಂಗಲೆಗೆ ಹೋಗತೊಡಗಿದೆ. ಸುಣ್ಣ ಸೋಸಿದೆ, ಗಾರೆಗೆ ಬೆರೆಸಲು ಅಳಲೆಕಾಯಿ ಕುಟ್ಟಿ ಬೆಲ್ಲದ ನೀರಿನಲ್ಲಿ ನೆನೆಸಿದೆ, ಗೋಣಿಗಳಿಗೆ ನೀರು ಚಿಮುಕಿಸಿದೆ. ಅಕ್ಕ ಬಳ್ಳಿಯ ಬಲ ಅರ್ಧವನ್ನು ಮಾಡಿದ್ದು ಆ ದಿನಗಳಲ್ಲೇ. ಅಚ್ಚಿಲ್ಲ, ಗೆರೆ ಹಾಕಿದ್ದಿಲ್ಲ. ಎಡಗಡೆಯ ಎಲೆಯ ಮೇಲೆ ಎಡಗೈ ಇಟ್ಟು ಸವರುತ್ತಾ ಬಲಗೈಯಲ್ಲಿ ಅದನ್ನೇ ತಿರುಗಿಸಿ ಮಾಡುತ್ತಿದ್ದರು. ಒಂದು ಮೊಗ್ಗಿಗೆ ಇಡೀ ಬೆಳಗ್ಗೆ ಹಿಡಿಯಿತು. ಕೆಳಗೆ ನಿಂತು ನೋಡುತ್ತಿದ್ದ ನನ್ನ ಕೈಯ ಜರಡಿ ಎಷ್ಟೋ ಸಲ ಹಾಗೇ ನಿಂತುಹೋಗುತ್ತಿತ್ತು. ಕಡೆಗೆ ನನ್ನ ಗಂಡನೂ ಭಾನುವಾರ ಚರ್ಚಿನ ಪೂಜೆ ಮುಗಿಸಿ ನೇರ ಅಲ್ಲಿಗೇ ಬಂದು ನಿಲ್ಲುತ್ತಿದ್ದರು.

ಮೇ ತಿಂಗಳಲ್ಲಿ ಕೆಲಸ ಮುಗಿಯಿತು. ಬಣ್ಣ ಹೊಡೆಸಲಿಲ್ಲ, ಬರೀ ಸುಣ್ಣ. ಪೇಂಟ್ ಅಂಗಡಿಯವರ ಮನೆಗೇ ಪೇಂಟಿಲ್ಲ ಎಂದು ಪೇಟೆಯಲ್ಲಿ ನಕ್ಕರು.

ಕೊಂಡವರು ಹಾಸನದ ನಿವೃತ್ತ ನರ್ಸ್ ಒಬ್ಬರು. ಬೇಕೆಂದೇ ಜುಲೈನಲ್ಲಿ ಬಂದರು. "ಬೇಸಿಗೇಲಿ ಎಲ್ಲಾ ಮನೇನೂ ಚೆನ್ನಾಗೇ ಕಾಣ್ತವೆ ಕಣ್ರೀ" ಅಂದರು. ಪಡುವಣ ಕೋಣೆಗೆ ಹೋಗಿ ಗೋಡೆಗೆ ಅಂಗೈ ಒತ್ತಿದರು, ಬಗ್ಗಿ ಮೂಸಿದರು. "ಮುಗ್ಗಲು ವಾಸನೇನೇ ಇಲ್ವಲ್ಲ!" ಎಂದು ಎರಡು ಸಲ ಹೇಳಿದರು. ಮುಂಬಾಗಿಲ ಬಳ್ಳಿಯನ್ನು ಅವರು ಕಣ್ಣೆತ್ತಿಯೂ ನೋಡಲಿಲ್ಲ. ನನಗೆ ಸ್ವಲ್ಪ ಬೇಸರವಾಯಿತು.

ಬೀಗದ ಕೈ ಕೊಡುವ ದಿನ ಅಕ್ಕನನ್ನೂ ಕರೆಸಿದ್ದೆವು. ಅವರು ಮೊದಲು ಮನೆ ಸುತ್ತ ಒಂದು ಸುತ್ತು ಹಾಕಿದರು. ಹಿಂದಿನ ಮೂಲೆಯಲ್ಲಿ ನಿಂತು, "ಇಲ್ಲಿ ಕೈ ಜಾರೈತೆ" ಅಂದರು. ನಮ್ಮ ಯಾರ ಕಣ್ಣಿಗೂ ಏನೂ ಕಾಣಲಿಲ್ಲ. ಅವರು ಚೀಲದಿಂದ ಕರಣೆ ತೆಗೆದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಕ್ಕರುಗಾಲಲ್ಲಿ ಕೂತರು. ನರ್ಸಮ್ಮ ಬೀಗದ ಕೈ ಹಿಡಿದುಕೊಂಡೇ ಅವರ ಪಕ್ಕ ಬಗ್ಗಿ ನೋಡತೊಡಗಿದರು. ನಾನು ಗುಂಡಿಯಲ್ಲಿ ಉಳಿದಿದ್ದ ಸುಣ್ಣ ತರಲು ಹೋದೆ.